ಹಳೆಯ ಡೀಸೆಲ್ ಕಾರಿನ ಮೈಲೇಜ್ ಮರಳಿ ಪಡೆಯುವುದು ಹೇಗೆ: ಬೆಂಗಳೂರಿನ ವಾಹನ ಮಾಲೀಕರಿಗೊಂದು ಮಾರ್ಗದರ್ಶಿ

ಹತ್ತು ವರ್ಷ ದಾಟಿದ ಡೀಸೆಲ್ ಕಾರು ಲೀಟರಿಗೆ ಎರಡು ಮೂರು ಕಿಲೋಮೀಟರ್ ಕಡಿಮೆ ಕೊಡತೊಡಗಿದಾಗ ‘ಗಾಡಿಗೆ ವಯಸ್ಸಾಯಿತು’ ಎಂದು ಕೈಚೆಲ್ಲುವವರೇ ಹೆಚ್ಚು. ವಯಸ್ಸೊಂದೇ ಕಾರಣಕ್ಕೆ ಮೈಲೇಜ್ ಅಷ್ಟು ಬೀಳುವುದಿಲ್ಲ. ಹೊತ್ತುಹೊತ್ತಿಗೆ ಆಯಿಲ್ ಬದಲಾಯಿಸಿಕೊಂಡು ಬಂದ ಡೀಸೆಲ್ ಎಂಜಿನ್ನಿನ ಪಿಸ್ಟನ್, ರಿಂಗು, ಬೋರು ಎರಡು ಲಕ್ಷ ಕಿಲೋಮೀಟರ್ ಓಡಿದ ಮೇಲೂ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತವೆ. ಕೆಡುವುದು ಅದರ ಸುತ್ತಲಿನ ಭಾಗಗಳು: ಬಿರಿದ ಒಂದು ರಬ್ಬರ್ ಪೈಪು, ಅಂಟಿಕೊಂಡ ಒಂದು ಬ್ರೇಕು, ತೆರೆದೇ ನಿಂತ ಒಂದು ವಾಲ್ವು. ಅಗ್ಗದ ಪರೀಕ್ಷೆಯಿಂದ ಶುರುಮಾಡಿ ದುಬಾರಿಯದರ ಕಡೆಗೆ ಒಂದೊಂದಾಗಿ ಹುಡುಕುತ್ತಾ ಹೋದರೆ ಕಳೆದುಹೋದ ಮೈಲೇಜಿನ ಬಹುಪಾಲು ಮರಳಿ ಸಿಗುತ್ತದೆ. ಅನೇಕರು ಇದನ್ನು ತಿರುಗುಮುರುಗಾಗಿ ಮಾಡಿ, ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗೆ ಮೊದಲೇ ಕೈಹಾಕಿ, ಹತ್ತಾರು ಸಾವಿರ ಸುರಿದು ಕೈಸುಟ್ಟುಕೊಳ್ಳುತ್ತಾರೆ.

ಈ ಕಾರುಗಳನ್ನು ಉಳಿಸಿಕೊಳ್ಳುವುದಕ್ಕೆ ಕಾರಣವೂ ಇದೆ. ಫಿಯೆಟ್ ಮೂಲದ 1,248 ಸಿಸಿ ಡೀಸೆಲ್ ಎಂಜಿನ್ ಸ್ವಿಫ್ಟ್, ಡಿಸೈರ್, ರಿಟ್ಜ್, ಪುಂಟೊ, ಇಂಡಿಕಾ ವಿಸ್ಟಾಗಳಲ್ಲೆಲ್ಲ ಓಡಿತು. ಇಂದಿಗೂ ನಗರದ ಯಾವ ಸಿಗ್ನಲ್‌ನಲ್ಲಿ ನಿಂತರೂ ಅದರ ಸದ್ದು ಕೇಳುತ್ತದೆ. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಅಂಥ ಸಣ್ಣ ಡೀಸೆಲ್ ಕಾರನ್ನು ಹೊಸದಾಗಿ ಕೊಳ್ಳುವ ದಾರಿ ಬಹುಮಟ್ಟಿಗೆ ಮುಚ್ಚಿದೆ. ದೆಹಲಿಯಲ್ಲಿ ತಂದಂಥ ಹತ್ತು ವರ್ಷದ ಡೀಸೆಲ್ ಮಿತಿ ಬೆಂಗಳೂರಿನಲ್ಲಿ ಇಲ್ಲ. ಇಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಇರುತ್ತದೆ. ಅದು ಮುಗಿದ ಮೇಲೆ ಗಾಡಿಯ ಸ್ಥಿತಿ ಸರಿಯಿದ್ದರೆ ನವೀಕರಿಸಿಕೊಳ್ಳಬಹುದು.

ಮೊದಲ ಹೆಜ್ಜೆ: ಅಳತೆ

ಮೈಲೇಜ್ ಎಷ್ಟು ಎಂದು ಕೇಳಿದರೆ ಡ್ಯಾಶ್‌ಬೋರ್ಡ್ ಪರದೆಯ ಅಂಕಿಯನ್ನು ಹೇಳುವವರಿದ್ದಾರೆ. ಅದು ಅಂದಾಜು ಮಾತ್ರ; ಹಲವು ಕಾರುಗಳಲ್ಲಿ ಇದ್ದುದಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ. ನಂಬಬೇಕಾದದ್ದು ಟ್ಯಾಂಕಿನಿಂದ ಟ್ಯಾಂಕಿಗೆ ಮಾಡುವ ಲೆಕ್ಕವನ್ನು. ಬಂಕಿನಲ್ಲಿ ನಾಝಲ್ ತಾನಾಗಿಯೇ ನಿಲ್ಲುವವರೆಗೆ ಡೀಸೆಲ್ ತುಂಬಿಸಿ, ಓಡೋಮೀಟರ್ ಅಂಕಿ ಬರೆದುಕೊಳ್ಳಿ. ಕನಿಷ್ಠ 300 ಕಿಲೋಮೀಟರ್ ಓಡಿಸಿ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ತಾನಾಗಿ ನಿಲ್ಲುವವರೆಗೆ ತುಂಬಿಸಿ. ಓಡಿದ ದೂರವನ್ನು ಎರಡನೆಯ ಬಾರಿ ಹಿಡಿದ ಲೀಟರ್‌ಗಳಿಂದ ಭಾಗಿಸಿದರೆ ಮೈಲೇಜ್. ಡೀಸೆಲ್ ನೊರೆಯಾಗುವ ಇಂಧನವಾದ್ದರಿಂದ ನಿಧಾನಕ್ಕೆ ಹಾಕಲು ಹೇಳಿ. ಹಣವನ್ನು ಸರಿಹೊಂದಿಸಲು ಮತ್ತೆ ಮತ್ತೆ ನಾಝಲ್ ಒತ್ತುವುದಕ್ಕೆ ಬಿಡಬೇಡಿ, ಲೆಕ್ಕವೆಲ್ಲ ಕೆಡುತ್ತದೆ. ಪಂಪಿನ ಮೇಲೆಯೇ ಅನುಮಾನವಿದ್ದರೆ ಪ್ರತಿ ಬಂಕಿನಲ್ಲೂ ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆ ಇರುತ್ತದೆ. ಅದರಲ್ಲಿ ಹಾಕಿ ತೋರಿಸಿ ಎಂದು ಕೇಳುವುದು ಗ್ರಾಹಕರ ಹಕ್ಕು.

ಒಂದು ಟ್ಯಾಂಕಿನ ಅಂಕಿ ಏನನ್ನೂ ಹೇಳುವುದಿಲ್ಲ. ಮೂರು ಟ್ಯಾಂಕಿನ ಸರಾಸರಿ ನೋಡಿ, ನಗರದ ಓಡಾಟ ಮತ್ತು ಹೆದ್ದಾರಿಯ ಓಡಾಟವನ್ನು ಬೇರೆ ಬೇರೆ ಬರೆದಿಡಿ. ಕೊಂಡಾಗ ಕಂಪನಿ ಹೇಳಿದ ಅಂಕಿಗೆ ಹೋಲಿಸಬೇಡಿ. ಅದು ಪ್ರಯೋಗಾಲಯದಲ್ಲಿ ಬಂದದ್ದು. ಸಿಲ್ಕ್ ಬೋರ್ಡಿನ ಟ್ರಾಫಿಕ್ ಆಗಲಿ ಟಿನ್ ಫ್ಯಾಕ್ಟರಿಯದಾಗಲಿ ಆ ಪರೀಕ್ಷೆಯಲ್ಲಿ ಇರಲಿಲ್ಲ. ನಿಮ್ಮದೇ ಕಾರು, ಇದೇ ದಾರಿಯಲ್ಲಿ, ಚೆನ್ನಾಗಿದ್ದ ಕಾಲಕ್ಕೆ ಎಷ್ಟು ಕೊಡುತ್ತಿತ್ತು ಎಂಬುದೇ ಹೋಲಿಕೆಗೆ ತಕ್ಕ ಅಂಕಿ.

ಈ ಲೆಕ್ಕದಿಂದ ಇನ್ನೊಂದು ಪ್ರಯೋಜನವಿದೆ. ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವವರ ಕಾರು 14 ಕೊಡುತ್ತಿದ್ದರೆ ಸುಮಾರು 71 ಲೀಟರ್ ಬೇಕು; 17ಕ್ಕೆ ಏರಿದರೆ 59 ಲೀಟರ್ ಸಾಕು. ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ ಸಾವಿರ ರೂಪಾಯಿಗಿಂತ ಹೆಚ್ಚು ಉಳಿತಾಯ. ಗ್ಯಾರೇಜಿನವರು ಯಾವುದೇ ರಿಪೇರಿಯ ಮೊತ್ತ ಹೇಳಿದಾಗ, ಅದು ಎಷ್ಟು ತಿಂಗಳಲ್ಲಿ ಹಿಂದಿರುಗುತ್ತದೆ ಎಂದು ಈ ಲೆಕ್ಕದಿಂದಲೇ ತೀರ್ಮಾನಿಸಿ.

ಎರಡನೆಯ ಹೆಜ್ಜೆ: ಚಕ್ರಗಳು

ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಚಕ್ರ ಸಲೀಸಾಗಿ ಉರುಳದಿದ್ದರೆ ಡೀಸೆಲ್ ಉಳಿಯುವುದಿಲ್ಲ. ಟೈರಿನ ಒತ್ತಡ ಎಷ್ಟಿರಬೇಕೆಂಬುದು ಚಾಲಕನ ಬಾಗಿಲಿನ ಕಂಬದ ಮೇಲಿನ ಸ್ಟಿಕ್ಕರಿನಲ್ಲಿ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಬೆಳಿಗ್ಗೆ ಕಾರು ತೆಗೆಯುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ಬಂಕಿನ ಗಾಳಿ ಯಂತ್ರಗಳು ಒಂದೊಂದು ಒಂದೊಂದು ಅಂಕಿ ತೋರಿಸುವುದರಿಂದ ನಿಮ್ಮದೇ ಒಂದು ಗೇಜ್ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ನೋಟಕ್ಕೆಂದು ದೊಡ್ಡ ಅಳತೆಯ ಟೈರು ಹಾಕಿಸಿದ್ದರೆ ಮೈಲೇಜ್ ಎರಡು ರೀತಿಯಲ್ಲಿ ಬೀಳುತ್ತದೆ: ಅಗಲ ಮತ್ತು ತೂಕ ಹೆಚ್ಚಾಗಿ ನಿಜವಾಗಿಯೂ ಡೀಸೆಲ್ ಹೆಚ್ಚು ಬೇಕು; ಜೊತೆಗೆ ಚಕ್ರದ ಸುತ್ತಳತೆ ಹಿಗ್ಗಿರುವುದರಿಂದ ಓಡೋಮೀಟರ್ ಓಡಿದ್ದಕ್ಕಿಂತ ಕಡಿಮೆ ದೂರ ತೋರಿಸಿ ಲೆಕ್ಕವನ್ನೂ ತಪ್ಪಿಸುತ್ತದೆ.

ಬ್ರೇಕ್ ಅಂಟಿಕೊಂಡಿರುವುದು ಹಳೆಯ ಕಾರುಗಳಲ್ಲಿ ಬಲು ಸಾಮಾನ್ಯ, ಮತ್ತು ಕೆಲವೇ ಜನ ನೋಡುವ ಜಾಗ. ಪರೀಕ್ಷೆ ಸುಲಭ. ನೈಸ್ ರಸ್ತೆಯಂಥ ತೆರವಾದ ದಾರಿಯಲ್ಲಿ ಒಂದಷ್ಟು ದೂರ ಬ್ರೇಕ್ ಹೆಚ್ಚು ಒತ್ತದೆ ಓಡಿಸಿ, ಟೋಲ್ ದಾಟಿ ಸುರಕ್ಷಿತ ಜಾಗದಲ್ಲಿ ಮೆಲ್ಲಗೆ ನಿಲ್ಲಿಸಿ. ಇಳಿದು ನಾಲ್ಕೂ ಚಕ್ರಗಳ ನಡುವಿನ ಭಾಗದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಮುಂದಿನ ಎರಡು ಒಂದೇ ರೀತಿ, ಹಿಂದಿನ ಎರಡು ಒಂದೇ ರೀತಿ ಬೆಚ್ಚಗಿರಬೇಕು. ಒಂದು ಚಕ್ರದಿಂದ ಮಾತ್ರ ಝಳ ಹೊಡೆಯುತ್ತಿದ್ದರೆ, ಸುಟ್ಟ ವಾಸನೆ ಮೂಗಿಗೆ ಬಂದರೆ, ಅಲ್ಲಿ ಪ್ಯಾಡ್ ಡಿಸ್ಕನ್ನು ಬಿಡುತ್ತಿಲ್ಲ. ಜಾಕ್ ಏರಿಸಿ ಕೈಯಲ್ಲಿ ತಿರುಗಿಸಿದರೆ ಖಚಿತವಾಗುತ್ತದೆ: ಆರೋಗ್ಯವಂತ ಚಕ್ರ ಸಣ್ಣ ಉಜ್ಜುವ ಸದ್ದಿನೊಂದಿಗೆ ಸುತ್ತುತ್ತದೆ, ಅಂಟಿದ್ದು ಬಿಟ್ಟ ಕೂಡಲೇ ನಿಂತುಬಿಡುತ್ತದೆ. ಮಳೆಗಾಲದ ಕೊಚ್ಚೆಯಲ್ಲಿ ಓಡಾಡಿದ ಮೇಲೆ ಪ್ಯಾಡನ್ನು ಹಿಡಿದಿರುವ ಕ್ಯಾಲಿಪರ್‌ನ ಪಿನ್ನಿನ ರಬ್ಬರ್ ಹರಿದು ಒಳಗೆ ತುಕ್ಕು ಸೇರುವುದೇ ಇದಕ್ಕೆ ಮುಖ್ಯ ಕಾರಣ. ಪಿನ್ ಬಿಚ್ಚಿ, ಉಜ್ಜಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿ, ಹೊಸ ರಬ್ಬರ್ ಹಾಕಿದರೆ ಮುಗಿಯಿತು. ಹಿಂದಿನ ಚಕ್ರಗಳಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಸಡಿಲವಾಗುತ್ತಿದೆಯೇ ಎಂದೂ ನೋಡಿಸಿ.

ಇಲ್ಲಿನ ಹೊಂಡಗಳಿಗೂ ಹಂಪ್‌ಗಳಿಗೂ ವೀಲ್ ಅಲೈನ್‌ಮೆಂಟ್ ಬೇಗ ತಪ್ಪುತ್ತದೆ. ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ ಕಾಯಬೇಡಿ. ಬಳಸದ ರೂಫ್ ಕ್ಯಾರಿಯರ್ ಇದ್ದರೆ ಇಳಿಸಿ.

ಮೂರನೆಯ ಹೆಜ್ಜೆ: ಎಂಜಿನ್ ಸರಿಯಾಗಿ ಬಿಸಿಯಾಗುತ್ತಿದೆಯೇ?

ಬೆಂಗಳೂರಿನ ಹಳೆಯ ಡೀಸೆಲ್ ಕಾರುಗಳಲ್ಲಿ ಎಲ್ಲರ ಕಣ್ಣು ತಪ್ಪಿಸುವ ದೋಷವೆಂದರೆ ಥರ್ಮೋಸ್ಟಾಟ್, ಗ್ಯಾರೇಜಿನ ಮಾತಿನಲ್ಲಿ ವಾಲ್ವ್. ಎಂಜಿನ್ ತಣ್ಣಗಿರುವಾಗ ಇದು ಮುಚ್ಚಿಕೊಂಡು ಕೂಲಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುತ್ತದೆ. 80ರಿಂದ 90 ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆ. ಹಳೆಯದಾದಾಗ ಅದು ತೆರೆದೇ ನಿಂತುಬಿಡುವುದುಂಟು. ಆಗ ಕೂಲಂಟ್ ಶುರುವಿನಿಂದಲೇ ರೇಡಿಯೇಟರ್ ಸುತ್ತುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನ ತಂಪಿಗೆ ಎಂಜಿನ್ 60–70 ಡಿಗ್ರಿಯಲ್ಲೇ ಉಳಿಯುತ್ತದೆ. ಎಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದುಕೊಂಡ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ತಣ್ಣನೆಯ ಎಂಜಿನ್ನಿಗೆ ತಕ್ಕಂತೆಯೇ ಡೀಸೆಲ್ ಕೊಡುತ್ತಿರುತ್ತದೆ. ಆಯಿಲ್ ದಪ್ಪವಾಗಿಯೇ ಇದ್ದು ಘರ್ಷಣೆ ಹೆಚ್ಚುತ್ತದೆ, ಮಸಿ ಹೆಚ್ಚು ಕಟ್ಟುತ್ತದೆ. ಕಾರು ಕೊತಕೊತ ಕುದಿದರೆ ಎಲ್ಲರೂ ಓಡಿಬರುತ್ತಾರೆ. ತಣ್ಣಗೆ ಓಡಿದರೆ ಯಾರೂ ದೂರುವುದಿಲ್ಲ. ಹಾಗಾಗಿ ಈ ದೋಷ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ‘ನಮ್ಮ ಬಿಸಿಲಿಗೆ ಇದು ಬೇಡ’ ಎಂದು ಹಳೆಯ ಮೇಸ್ತ್ರಿಗಳು ವಾಲ್ವನ್ನೇ ಕಿತ್ತು ಬಿಸಾಡಿರುವ ಕಾರುಗಳೂ ಇವೆ. ಎರಡನೆಯ ಅಥವಾ ಮೂರನೆಯ ಮಾಲೀಕರಾಗಿ ಕಾರು ಕೊಂಡವರು ಇದನ್ನು ತಪ್ಪದೆ ನೋಡಬೇಕು.

ಪರೀಕ್ಷೆಗೆ ಎರಡು ದಾರಿ. ಬೆಳಿಗ್ಗೆ ತಣ್ಣನೆಯ ಎಂಜಿನ್ ಶುರುಮಾಡಿ, ಬೆಲ್ಟು ಮತ್ತು ಫ್ಯಾನಿನಿಂದ ಕೈಯನ್ನು ದೂರವಿಟ್ಟು, ಥರ್ಮೋಸ್ಟಾಟ್‌ನಿಂದ ರೇಡಿಯೇಟರ್‌ಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ಆಗಾಗ ಮುಟ್ಟಿ. ವಾಲ್ವ್ ಸರಿಯಿದ್ದರೆ ಪೈಪು ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಗೇ ಬಿಸಿಯಾಗುತ್ತದೆ. ಶುರುವಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ವಾಲ್ವ್ ಮುಚ್ಚುತ್ತಿಲ್ಲ ಎಂದರ್ಥ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. ಎರಡನೆಯದು ಇನ್ನೂ ಖಚಿತ. ಈಚಿನ ಕಾಮನ್ ರೈಲ್ ಕಾರುಗಳಲ್ಲಿ (ಹೆಚ್ಚು ಒತ್ತಡದ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗೂ ಡೀಸೆಲ್ ಹೋಗುವಂಥವು) ಸ್ಟೀರಿಂಗಿನ ಕೆಳಗೆ ಎಂಜಿನ್ನಿನ ಮಾಹಿತಿ ಓದುವ ಓಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಬ್ಲೂಟೂತ್ ಓಬಿಡಿ ರೀಡರ್ ಸಿಕ್ಕಿಸಿ ಮೊಬೈಲಿನಲ್ಲಿ ಕೂಲಂಟ್ ಉಷ್ಣತೆ ನೋಡಿ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅಂಕಿ 85ರ ಆಸುಪಾಸಿನಲ್ಲಿ ನಿಲ್ಲದೆ ಕೆಳಗಿಳಿಯುತ್ತಿದ್ದರೆ ಅನುಮಾನವೇ ಬೇಡ. ಅಂಕಿಯನ್ನು ಪಕ್ಕದಲ್ಲಿ ಕುಳಿತವರು ನೋಡಲಿ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನೆಚ್ಚಬೇಡಿ; ಎಷ್ಟೋ ಕಾರುಗಳಲ್ಲಿ ಉಷ್ಣತೆ ಸಾಕಷ್ಟು ಏರಿಳಿದರೂ ಅದು ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಹೊಸ ಥರ್ಮೋಸ್ಟಾಟ್ ಇಂಜೆಕ್ಟರ್‌ನ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದಷ್ಟು ಅಗ್ಗ.

ನಾಲ್ಕನೆಯ ಹೆಜ್ಜೆ: ಗಾಳಿಯ ದಾರಿ

ಮೆಟ್ರೊ ಕಾಮಗಾರಿ, ಅಗೆದ ರಸ್ತೆ, ಹೊರವರ್ತುಲ ರಸ್ತೆಯ ಧೂಳು ಇವುಗಳ ನಡುವೆ ಓಡುವ ಕಾರಿನ ಏರ್ ಫಿಲ್ಟರ್ ಕೈಪಿಡಿ ಹೇಳುವುದಕ್ಕಿಂತ ಮೊದಲೇ ತುಂಬುತ್ತದೆ. ಗಾಳಿ ಹೊಡೆಸಿ ಮತ್ತೆ ಮತ್ತೆ ಬಳಸಿದರೆ ಕಾಗದ ಸೀಳಿ ಧೂಳು ನೇರವಾಗಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊಗೆ ಹೋಗುತ್ತದೆ. ಹೊಸದನ್ನೇ ಹಾಕಿ. ಆದರೆ ಫಿಲ್ಟರ್ ಒಂದನ್ನು ಬದಲಿಸಿದ ಮಾತ್ರಕ್ಕೆ ಮೂರು ಕಿಲೋಮೀಟರ್ ಏರುತ್ತದೆ ಎಂದು ನಿರೀಕ್ಷಿಸಬೇಡಿ. ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಎಂಜಿನ್ನಿನಲ್ಲಿ ಅದರಿಂದ ಮುಖ್ಯವಾಗಿ ಪಿಕಪ್ ಸುಧಾರಿಸುತ್ತದೆ, ಮೈಲೇಜ್ ಅಲ್ಪ.

ನಿಜವಾದ ಕಳ್ಳ ಫಿಲ್ಟರ್ ದಾಟಿದ ಮೇಲೆ ಇರುತ್ತಾನೆ. ಟರ್ಬೊದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪುಗಳು ವರ್ಷಗಟ್ಟಲೆ ಬಿಸಿ ಮತ್ತು ಆಯಿಲ್ ಆವಿಗೆ ಸಿಕ್ಕಿ ಬಿರಿಯುತ್ತವೆ. ಪರಿಚಿತರೊಬ್ಬರ ಕಾರಿಗೆ ನಾಲ್ಕೂ ಇಂಜೆಕ್ಟರ್ ಬದಲಿಸಬೇಕೆಂದು ಗ್ಯಾರೇಜೊಂದು ಹೇಳಿತ್ತು: ಕಪ್ಪು ಹೊಗೆ, ಪಿಕಪ್ ಇಲ್ಲ, ಮೈಲೇಜ್ ಕುಸಿದಿದೆ. ಬೇರೊಬ್ಬ ಮೆಕ್ಯಾನಿಕ್ ಕಾರಿನ ಕೆಳಗೆ ಮಲಗಿ, ಇಂಟರ್‌ಕೂಲರ್ ಪೈಪಿನ ಅಡಿಭಾಗವನ್ನು ಬೆರಳಿನಿಂದ ಸವರಿ ತೋರಿಸಿದ. ಕ್ಲಿಪ್ ಕೂರುವ ಜಾಗದ ಪಕ್ಕ ಬೆರಳುದ್ದದ ಸೀಳು, ಸುತ್ತಲೂ ಮಣ್ಣು ಮೆತ್ತಿದ ಕಪ್ಪು ಜಿಡ್ಡು. ಕಾರು ನಿಂತಿದ್ದಾಗ ಸೀಳು ಮುಚ್ಚಿಕೊಂಡೇ ಇತ್ತು. ಆಕ್ಸಿಲರೇಟರ್ ಒತ್ತಿ ಟರ್ಬೊ ಗಾಳಿ ತುಂಬಿದಾಗ ಮಾತ್ರ ಬಾಯಿ ಬಿಟ್ಟು ಬುಸ್ಸೆನ್ನುತ್ತಿತ್ತು. ಪೈಪು ಬದಲಾದ ಮೇಲೆ ಇಂಜೆಕ್ಟರ್ ಮಾತೇ ಬರಲಿಲ್ಲ. ಆದ್ದರಿಂದ ಈ ಪೈಪುಗಳನ್ನು ಬರಿಗಣ್ಣಿನಲ್ಲಿ ನೋಡಿ ಸುಮ್ಮನಾಗಬೇಡಿ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಬಗ್ಗಿಸಿ, ಅಡಿಗೆ ಕೈಯಾಡಿಸಿ ನೋಡಿಸಿ. ಟರ್ಬೊವನ್ನು ನಿಯಂತ್ರಿಸುವ ಆಕ್ಚುಯೇಟರ್‌ಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪುಗಳೂ ಹೀಗೆಯೇ ಬಿರಿಯುತ್ತವೆ.

ಮುಂದಿನದು ಇಜಿಆರ್ ವಾಲ್ವ್. ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಈ ವಾಲ್ವ್ ನಗರದ ತೆವಳಾಟದಲ್ಲಿ ಮಸಿ ಕಟ್ಟಿ ಅರ್ಧ ತೆರೆದ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಎಂಜಿನ್ನಿಗೆ ಶುದ್ಧ ಗಾಳಿಯ ಕೊರತೆ. ಎಷ್ಟೋ ಬಾರಿ ಬಿಚ್ಚಿ ತೊಳೆದು ಹೊಸ ಗ್ಯಾಸ್ಕೆಟ್ ಹಾಕಿದರೆ ಸಾಕು, ಹೊಸ ವಾಲ್ವ್ ಬೇಕಿಲ್ಲ. ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರನ್ನು ಅದಕ್ಕೆಂದೇ ಇರುವ ಸ್ಪ್ರೇಯಿಂದ ಶುಚಿ ಮಾಡಬೇಕು. ಬಟ್ಟೆ, ಬೆರಳು, ಪೆಟ್ರೋಲ್ ಯಾವುದೂ ತಾಗಬಾರದು.

ಇಲ್ಲಿ ನಿಮ್ಮ ಎಮಿಷನ್ ಚೀಟಿಗಳು ನೆರವಿಗೆ ಬರುತ್ತವೆ. ಡೀಸೆಲ್ ಕಾರಿನ ಹೊಗೆ ತಪಾಸಣೆಯ ಪ್ರಮಾಣಪತ್ರದಲ್ಲಿ ಹೊಗೆಯ ಸಾಂದ್ರತೆಯನ್ನು ಹೇಳುವ ‘ಕೆ’ ಮೌಲ್ಯ ಅಚ್ಚಾಗಿರುತ್ತದೆ. ಬಿಎಸ್6ಕ್ಕೂ ಹಿಂದಿನ ಬಿಎಸ್4 ನಿಯಮದ ಕಾರಿಗೆ ಮಿತಿ 1.62, ಅದಕ್ಕಿಂತ ಹಳೆಯದಕ್ಕೆ 2.45. ಪಾಸಾಯಿತೇ ಎಂದಷ್ಟೇ ನೋಡಿ ಚೀಟಿ ಎಸೆಯುವವರು ಒಂದು ಒಳ್ಳೆಯ ದಾಖಲೆಯನ್ನು ಕಳೆದುಕೊಳ್ಳುತ್ತಾರೆ. ಈ ಅಂಕಿ ಒಂದು ತಪಾಸಣೆಯಿಂದ ಇನ್ನೊಂದಕ್ಕೆ ಏರುತ್ತಾ ಹೋಗಿದ್ದರೆ, ಮಿತಿಯ ಒಳಗೇ ಇದ್ದರೂ, ಗಾಳಿ ಕಡಿಮೆಯಾಗಿದೆ ಅಥವಾ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಹೊಗೆಯ ಬಣ್ಣವೂ ದಾರಿ ತೋರಿಸುತ್ತದೆ: ಕಪ್ಪು ಎಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು, ನೀಲಿ ಎಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಉರಿಯದೆ ಹೊರಬರುತ್ತಿರಬಹುದು ಅಥವಾ ಕೂಲಂಟ್ ಒಳಗೆ ಸೇರುತ್ತಿರಬಹುದು. ಅದನ್ನು ತಡಮಾಡದೆ ತೋರಿಸಿ.

ಐದನೆಯ ಹೆಜ್ಜೆ: ಡೀಸೆಲ್‌ನ ದಾರಿ

ಡೀಸೆಲ್ ಫಿಲ್ಟರನ್ನು ಕೈಪಿಡಿ ಹೇಳಿದ ದೂರಕ್ಕೆ ಬದಲಿಸಿ, ಅದರ ತಳದ ನೀರನ್ನು ಆಗಾಗ ಹೊರಬಿಡಿಸಿ. ಕಾಮನ್ ರೈಲ್ ಪಂಪಿಗೂ ಇಂಜೆಕ್ಟರ್‌ಗೂ ನೀರಿನಷ್ಟು ದೊಡ್ಡ ಶತ್ರು ಇಲ್ಲ. ವಾಹನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಒಂದೇ ಕಾರಿಗೆ ಹಲವು ಬೆಲೆಯ ಫಿಲ್ಟರ್ ಸಿಗುತ್ತವೆ. ಈ ಒಂದು ಭಾಗದಲ್ಲಿ ಅಗ್ಗದ್ದಕ್ಕೆ ಹೋಗಬೇಡಿ, ಬಿಲ್ ಪಡೆದೇ ಕೊಳ್ಳಿ.

ಮೇಲಿನದೆಲ್ಲ ಸರಿಯಿದ್ದೂ ಮೈಲೇಜ್ ಬಾರದಿದ್ದರೆ ಆಗ ಇಂಜೆಕ್ಟರ್ ಸರದಿ. ಈ ಕೆಲಸಕ್ಕೆ ನಮ್ಮ ಊರು ಹೊಸದಲ್ಲ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಡೀಸೆಲ್ ಪಂಪು, ಇಂಜೆಕ್ಟರ್ ತಯಾರಿಸಿದ ಮೈಕೋ, ಇಂದಿನ ಬಾಷ್, ಇಲ್ಲಿನದೇ. ಡೀಸೆಲ್ ಪಂಪ್ ಕೆಲಸವನ್ನೇ ಮಾಡುವ ಅಂಗಡಿಗೆ ಹೋಗಿ ಮೊದಲು ರಿಟರ್ನ್ ಪರೀಕ್ಷೆ ಮಾಡಿಸಿ. ಪ್ರತಿ ಇಂಜೆಕ್ಟರ್‌ನ ವಾಪಸಾತಿ ಪೈಪನ್ನು ಒಂದೊಂದು ಸಣ್ಣ ಬಾಟಲಿಗೆ ಇಳಿಬಿಟ್ಟು ಎಂಜಿನ್ ಓಡಿಸುತ್ತಾರೆ. ನಾಲ್ಕು ಬಾಟಲಿಗಳಲ್ಲೂ ಡೀಸೆಲ್ ಮಟ್ಟ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಬಾಟಲಿ ಬೇಗ ತುಂಬಿದರೆ ಆ ಇಂಜೆಕ್ಟರ್ ಒಳಗೆ ಸೋರುತ್ತಿದೆ. ಕೆಟ್ಟದ್ದು ಯಾವುದೆಂದು ಕಣ್ಣಾರೆ ಕಂಡ ಮೇಲೆ ಅದನ್ನು ಮಾತ್ರ ಬೆಂಚಿನ ಮೇಲೆ ಪರೀಕ್ಷಿಸಿ, ರಿಪೇರಿ ಮಾಡಿಸಿ. ಮರಳಿ ಕೂರಿಸುವಾಗ ಹೊಸ ತಾಮ್ರದ ವಾಷರ್ ಹಾಕಬೇಕು. ಹೊಸ ಇಂಜೆಕ್ಟರ್ ಹಾಕಿದ್ದರೆ, ಅಗತ್ಯವಿರುವ ಕಾರುಗಳಲ್ಲಿ, ಅದರ ಮೇಲಿನ ಸಂಕೇತವನ್ನು ಇಸಿಯುಗೆ ದಾಖಲಿಸಬೇಕು. ಇದನ್ನು ಬಿಟ್ಟುಬಿಟ್ಟರೆ ಹೊಸ ಇಂಜೆಕ್ಟರ್ ಹಾಕಿಯೂ ಹಳೆಯ ಗೋಳೇ.

ಆಯಿಲ್ ವಿಷಯ ಚಿಕ್ಕದು. ‘ಹಳೆಯ ಎಂಜಿನ್ನಿಗೆ ದಪ್ಪ ಆಯಿಲ್’ ಎಂಬ ಸಲಹೆಗೆ ಒಪ್ಪಬೇಡಿ. ಕೈಪಿಡಿಯಲ್ಲಿರುವ ದರ್ಜೆಯನ್ನೇ ಹಾಕಿಸಿ. 2020ರ ಈಚಿನ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಸೋಸುಕ ಇದ್ದರೆ ಅದಕ್ಕೆ ಹೊಂದುವ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಅಂಥ ಕಾರನ್ನು ಬರೀ ಬಡಾವಣೆಯೊಳಗೆ ಓಡಿಸಿದರೆ ಡಿಪಿಎಫ್ ತನ್ನ ಮಸಿ ಸುಡಲು ಪದೇ ಪದೇ ಹೆಚ್ಚುವರಿ ಡೀಸೆಲ್ ತೆಗೆದುಕೊಳ್ಳುತ್ತದೆ. ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಸಮನೆ ಓಡಿಸಿ.

ಆರನೆಯ ಹೆಜ್ಜೆ: ಓಡಿಸುವ ರೀತಿ

ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಮುಂದಿನ ಸಿಗ್ನಲ್ ಕೆಂಪಾಗಿದ್ದು ಕಂಡ ಕೂಡಲೇ ಆಕ್ಸಿಲರೇಟರ್ ಬಿಟ್ಟು, ಗೇರಿನಲ್ಲೇ ಉರುಳಲು ಬಿಡಿ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಕಾಮನ್ ರೈಲ್ ಎಂಜಿನ್ ಡೀಸೆಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗಲೋ ನಂದಿಬೆಟ್ಟ ಇಳಿಯುವಾಗಲೋ ನ್ಯೂಟ್ರಲ್‌ಗೆ ಹಾಕುವವರು ಉಳಿಸುತ್ತಿದ್ದೇವೆ ಎಂದುಕೊಂಡಿರುತ್ತಾರೆ. ನಿಜದಲ್ಲಿ ಎಂಜಿನ್ ನಿಲ್ಲದಂತೆ ನೋಡಿಕೊಳ್ಳಲು ಆಗ ಡೀಸೆಲ್ ಖರ್ಚಾಗುತ್ತಿರುತ್ತದೆ, ಮೇಲೆ ಗೇರಿನಲ್ಲಿರುವ ಎಂಜಿನ್ ಕಾರನ್ನು ತಡೆಯುವ ಎಂಜಿನ್ ಬ್ರೇಕಿಂಗ್ ಇಲ್ಲದೆ ಬ್ರೇಕ್ ಕಾದು ಜೀವಕ್ಕೇ ಅಪಾಯ.

ದೊಡ್ಡ ಸಿಗ್ನಲ್‌ಗಳಲ್ಲಿ ಎಂಜಿನ್ ಆರಿಸಿ. ನಿಂತಲ್ಲೇ ಓಡುವ ಸಣ್ಣ ಡೀಸೆಲ್ ಎಂಜಿನ್ ಗಂಟೆಗೆ ಅರ್ಧ ಲೀಟರಿನ ಆಸುಪಾಸು ಕುಡಿಯುತ್ತದೆ. ಎಸಿ ಇದ್ದರೆ ಇನ್ನೂ ಹೆಚ್ಚು. ಬೆಳಿಗ್ಗೆ ಐದು ನಿಮಿಷ ನಿಂತಲ್ಲೇ ಬಿಸಿ ಮಾಡುವುದೂ ಬೇಡ, ಅರ್ಧ ನಿಮಿಷ ಸಾಕು. ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಹೋಗಿ. ಆದರೆ ಹೆದ್ದಾರಿಯಲ್ಲಿ ಜೋರಾಗಿ ಬಂದು ನಿಲ್ಲಿಸಿದಾಗ ಟರ್ಬೊ ತಣಿಯಲು ಒಂದು ನಿಮಿಷ ಬಿಟ್ಟೇ ಆರಿಸಿ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100ರ ಬದಲು 80ರಲ್ಲಿ ಎಡಪಥದಲ್ಲಿ ಹೋಗಿ ನೋಡಿ. ಗಾಳಿಯ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 80ಕ್ಕಿಂತ 100ರಲ್ಲಿ ಅದು ಒಂದೂವರೆ ಪಟ್ಟಿಗೂ ಹೆಚ್ಚು. ಹಾಗೆಂದು ತೀರಾ ಕಡಿಮೆ ಆರ್‌ಪಿಎಮ್‌ನಲ್ಲಿ ಎತ್ತರದ ಗೇರಿಗೆ ಹಾಕಿ ಎಂಜಿನ್ ನಡುಗುವಂತೆ ಎಳೆಯಬೇಡಿ. ಟರ್ಬೊ ಎಚ್ಚರವಿರುವ 1,500ರಿಂದ 2,200ರ ನಡುವೆ ಇದ್ದರೆ ಒಳ್ಳೆಯದು.

ದುಡ್ಡು ಹಾಕಬಾರದ ಕೆಲಸಗಳು

ಪೈಪಿಗೆ ಕಟ್ಟುವ ಅಯಸ್ಕಾಂತ, ಸಾಕೆಟ್ಟಿಗೆ ಸಿಕ್ಕಿಸುವ ‘ಇಂಧನ ಉಳಿಸುವ’ ಪೆಟ್ಟಿಗೆ, ಡೀಸೆಲ್‌ಗೆ ಸೀಮೆಎಣ್ಣೆ ಅಥವಾ ಟು-ಸ್ಟ್ರೋಕ್ ಗಾಡಿಗಳ ಟು-ಟಿ ಆಯಿಲ್ ಬೆರೆಸುವುದು, ಇವೆಲ್ಲ ಬೇಡ. ಸೀಮೆಎಣ್ಣೆ ಪಂಪಿನ ಜಿಡ್ಡನ್ನೇ ತೆಗೆದು ಸವೆಸುತ್ತದೆ. ಇಜಿಆರ್‌ಗೆ ತಗಡು ಹೊಡೆದು ಮುಚ್ಚುವುದು, ಡಿಪಿಎಫ್ ಕೊರೆದು ತೆಗೆಯುವುದು ಕಾನೂನಿಗೂ ವಿರುದ್ಧ, ಅದಕ್ಕಿಂತ ಮುಖ್ಯವಾಗಿ ಆ ಹೊಗೆಯನ್ನು ಕುಡಿಯುವವರು ನಮ್ಮ ಹಿಂದೆ ಸ್ಕೂಟರಿನಲ್ಲಿ ಬರುವವರು, ಬಸ್ ನಿಲ್ದಾಣದಲ್ಲಿ ಮಕ್ಕಳನ್ನು ಹಿಡಿದು ನಿಂತವರು. ಲೀಟರಿಗೆ ಅರ್ಧ ಕಿಲೋಮೀಟರ್‌ಗಾಗಿ ಅಂಥ ಕೆಲಸಕ್ಕೆ ಯಾರೂ ಕೈಹಾಕಬಾರದು ಎಂಬುದು ನನ್ನ ದೃಢವಾದ ಮಾತು.

ಎಲ್ಲಿಗೆ ನಿಲ್ಲಿಸಬೇಕು?

ಒಮ್ಮೆಗೆ ಒಂದೇ ರಿಪೇರಿ ಮಾಡಿಸಿ, ಎರಡು ಟ್ಯಾಂಕ್ ಅಳೆದು ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಸುಧಾರಿಸಿತು ಎಂಬುದು ತಿಳಿಯುವುದೇ ಇಲ್ಲ. ಎತ್ತರದ ಗೇರಿನಲ್ಲಿ ಒತ್ತಿದಾಗ ಆರ್‌ಪಿಎಮ್ ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಅದನ್ನು ಹೇಗೂ ಬದಲಿಸಲೇಬೇಕು. ಇಷ್ಟೆಲ್ಲ ಆದ ಮೇಲೂ ಅಂಕಿ ಅಲ್ಲಾಡದಿದ್ದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿದರೆ ದಟ್ಟ ಹೊಗೆ ನುಗ್ಗಿ ಬರುತ್ತಿದ್ದು, ಆಯಿಲ್ ಮಟ್ಟವೂ ತಿಂಗಳು ತಿಂಗಳು ಇಳಿಯುತ್ತಿದ್ದರೆ ರಿಂಗು, ಬೋರು ಸವೆದಿವೆ. ಆಗ ಎಂಜಿನ್ ಕೆಲಸದ ಖರ್ಚನ್ನು ಮೊದಲ ಹೆಜ್ಜೆಯ ಲೆಕ್ಕದಲ್ಲಿ ಇಟ್ಟು ನೋಡಿ. ತಿಂಗಳಿಗೆ 400–500 ಕಿಲೋಮೀಟರ್ ಓಡಿಸುವವರಿಗೆ ಅದು ಡೀಸೆಲ್ ಉಳಿತಾಯದಿಂದ ಬಹಳ ವರ್ಷ ಹಿಂದಿರುಗುವುದಿಲ್ಲ. ನೋಂದಣಿ ನವೀಕರಣಕ್ಕೆ ಇನ್ನೂ ಕಾಲವಿದ್ದು, ತಿಂಗಳಿಗೆ 2,000 ದಾಟಿ ಓಡಿಸುವವರಾದರೆ ಮಾಡಿಸಬಹುದು.